ಹಿರಿಯರ ಮಾತ್ರೆ ಡಬ್ಬಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಎಪ್ಪತ್ತು ದಾಟಿದವರ ಔಷಧಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹೀಗಿವೆ: ಒಂದು ತೊಂದರೆಗೆ ಮಾತ್ರೆ ಶುರುವಾಯಿತು, ಆಮೇಲೆ ಇನ್ನೊಂದು ತೊಂದರೆ ಬಂತು, ಅದಕ್ಕೆ ಇನ್ನೊಂದು ಮಾತ್ರೆ ಬಂತು. ಆದ್ದರಿಂದ ಅಂಥ ಪತ್ರವೊಂದರಿಂದಲೇ ಆರಂಭಿಸಿದ್ದೇವೆ. ಉತ್ತರಿಸಿದವರು ಹಿರಿಯರ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರು ಮತ್ತು ಔಷಧ ತಜ್ಞರು. ಇಲ್ಲಿ ಓದಿದ್ದನ್ನು ನಂಬಿ ನಡೆಯುತ್ತಿರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಈ ಪುಟವನ್ನು ನಿಮ್ಮ ವೈದ್ಯರಿಗೆ ತೋರಿಸಿ ಕೇಳಿ.

ಪ್ರಶ್ನೆ: ಅಮ್ಮನಿಗೆ 76 ವರ್ಷ. ಎರಡು ವರ್ಷದಿಂದ ತಲೆಸುತ್ತಿಗೆ ಸಿನ್ನರಿಜಿನ್ 25 ಮಿ.ಗ್ರಾಂ. ಮಾತ್ರೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳುತ್ತಿದ್ದಾರೆ. ಆರು ತಿಂಗಳಿಂದ ಕೈ ನಡುಕ, ನಡಿಗೆ ನಿಧಾನ. ಪಾರ್ಕಿನ್ಸನ್ ಇರಬಹುದೆಂದು ಟ್ರೈಹೆಕ್ಸಿಫೆನಿಡಿಲ್ ಸೇರಿಸಿದರು. ಈಗ ಮರೆವು ಹೆಚ್ಚಾಗಿದೆ, ರಾತ್ರಿ ಯಾರೋ ಬಂದಿದ್ದಾರೆ ಅಂತ ಮಾತಾಡುತ್ತಾರೆ. ಇದು ಮರೆಗುಳಿ ಕಾಯಿಲೆಯೇ? (ದಾವಣಗೆರೆ)

ಉತ್ತರ: ಮರೆಗುಳಿ ಕಾಯಿಲೆ ಎಂದು ತೀರ್ಮಾನಿಸುವ ಮುಂಚೆ ಈ ಎಲ್ಲ ಘಟನೆಗಳ ತಾರೀಖನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ತಲೆಸುತ್ತಿನ ಮಾತ್ರೆ ಮೊದಲು, ನಡುಕ ಆಮೇಲೆ, ನಡುಕದ ಮಾತ್ರೆ, ಅದರ ಹಿಂದೆಯೇ ಗೊಂದಲ. ಈ ಕ್ರಮವೇ ಅರ್ಧ ಉತ್ತರ ಹೇಳುತ್ತದೆ.

ಸಿನ್ನರಿಜಿನ್ ಮತ್ತು ಅದರ ಹತ್ತಿರದ ನೆಂಟ ಫ್ಲುನರಿಜಿನ್ ಮಿದುಳಿನಲ್ಲಿ ಡೋಪಮಿನ್ (ಕೈಕಾಲಿನ ಚಲನೆಗೆ ಬೇಕಾದ ರಾಸಾಯನಿಕ) ಕೆಲಸ ಮಾಡುವ ಜಾಗವನ್ನು ಅಡ್ಡಗಟ್ಟುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಡಿಮೆಯಾಗುವುದೂ ಡೋಪಮಿನ್ನೇ. ಹಾಗಾಗಿ ತಿಂಗಳುಗಟ್ಟಲೆ ಈ ಮಾತ್ರೆ ನುಂಗಿದ ಹಿರಿಯರಲ್ಲಿ ನಡುಕ, ಬಿಗಿತ, ಸಣ್ಣ ಸಣ್ಣ ಹೆಜ್ಜೆ, ಭಾವವಿಲ್ಲದ ಮುಖ ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಅದು ಥೇಟ್ ಪಾರ್ಕಿನ್ಸನ್. ವ್ಯತ್ಯಾಸ ಇಷ್ಟೇ, ಕಾರಣವಾದ ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಇಳಿಯುತ್ತದೆ. ಆದರೆ ವಾರದಲ್ಲಿ ಅಲ್ಲ. ಕೆಲವು ತಿಂಗಳು ಬೇಕು, ಕೆಲವರಿಗೆ ವರ್ಷವೂ ಹಿಡಿಯಬಹುದು. ಪೂರ್ತಿ ಹೋಗದೆ ಉಳಿದರೆ ಒಳಗೆ ನಿಜವಾದ ಪಾರ್ಕಿನ್ಸನ್ ಮೊದಲೇ ಇತ್ತೇನೋ ಎಂದು ನರರೋಗ ತಜ್ಞರು ನೋಡುತ್ತಾರೆ.

ಟ್ರೈಹೆಕ್ಸಿಫೆನಿಡಿಲ್ ಬೇರೆ ದಾರಿಯಲ್ಲಿ ಕಾಡುತ್ತದೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಅದು ತಡೆಯುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಮರೆವು, ಇಲ್ಲದ್ದು ಕಾಣಿಸುವುದು ಎಲ್ಲ ಅದರ ಲಕ್ಷಣಗಳೇ. ಈ ಹಂತದಲ್ಲಿ ‘ರಾತ್ರಿ ಗಲಾಟೆ ಮಾಡುತ್ತಾರೆ’ ಎಂದು ಹೇಳಿದರೆ ಮಾನಸಿಕ ಕಾಯಿಲೆಗೆ ಕೊಡುವ ಕ್ವಿಟಿಯಾಪಿನ್ ಎಂಬ ಮೂರನೆಯ ಮಾತ್ರೆ ಸಿದ್ಧವಾಗಿರುತ್ತದೆ. ಅಲ್ಲಿಗೆ ಹೋಗುವ ಮುಂಚೆ ಹಿಂದಕ್ಕೆ ಬರಬೇಕು. ಸಾಮಾನ್ಯವಾಗಿ ಮೊದಲು ಸಿನ್ನರಿಜಿನ್ ನಿಲ್ಲಿಸುತ್ತಾರೆ. ಟ್ರೈಹೆಕ್ಸಿಫೆನಿಡಿಲ್ ಅನ್ನು ಒಮ್ಮೆಲೇ ಬಿಡಿಸದೆ ಹಂತಹಂತವಾಗಿ ಇಳಿಸುತ್ತಾರೆ.

ಹಾಗಾದರೆ ತಲೆಸುತ್ತಿಗೆ ಏನು ಮಾಡುವುದು? ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ಅಟ್ಟ ನೋಡಿದಾಗ ಒಂದು ನಿಮಿಷದೊಳಗೆ ಬಂದು ಹೋಗುವ ಸುತ್ತಾದರೆ ಅದು ಒಳಕಿವಿಯ ಹರಳು ಜಾಗ ತಪ್ಪಿದ್ದರಿಂದ ಆಗುವಂಥದ್ದು. ಅದಕ್ಕೆ ಕಿವಿ ತಜ್ಞರು ತಲೆಯನ್ನು ಕ್ರಮವಾಗಿ ತಿರುಗಿಸಿ ಮಾಡುವ ಎಪ್ಲಿ ವಿಧಾನ ಇದೆ, ಮಾತ್ರೆ ಬೇಕಿಲ್ಲ. ಎದ್ದು ನಿಂತಾಗ ಕಣ್ಣು ಕತ್ತಲಾಗುವ ಸುತ್ತಾದರೆ ಬಿಪಿ ನೋಡಬೇಕು: ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಕಾರಣ ಬಿಪಿ ಮಾತ್ರೆಯಲ್ಲೋ, ಪ್ರೋಸ್ಟೇಟ್‌ಗೆ ಕೊಟ್ಟ ಟಾಮ್ಸುಲೋಸಿನ್‌ನಲ್ಲೋ ಇರಬಹುದು. ತಲೆಸುತ್ತು ತಡೆಯುವ ಮಾತ್ರೆಗಳು ತೀವ್ರ ಸುತ್ತು, ವಾಂತಿ ಇರುವ ಮೊದಲ ಕೆಲವು ದಿನಕ್ಕೆ ಮಾತ್ರ. ಎರಡು ವರ್ಷಕ್ಕಲ್ಲ.

ಸಿನ್ನರಿಜಿನ್‌ನಂತೆಯೇ ಕಾಡುವ ಇನ್ನೊಂದು ಔಷಧ ನಮ್ಮ ಮನೆಗಳಲ್ಲಿ ‘ಗ್ಯಾಸ್ ಮಾತ್ರೆ’ಯ ವೇಷದಲ್ಲಿದೆ. ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲ್‌ಗಳು ಧಾರಾಳವಾಗಿ ಸಿಗುತ್ತವೆ. ಲೆವೊಸಲ್ಪಿರೈಡ್ ಕೂಡ ಡೋಪಮಿನ್ ತಡೆಯುವಂಥದ್ದು, ನಡುಕ ತರುವಂಥದ್ದು. ಸ್ಟ್ರಿಪ್ಪಿನ ಮುಂದಿನ ದೊಡ್ಡ ಹೆಸರು ನೋಡಿ ಸುಮ್ಮನಾಗಬೇಡಿ, ಹಿಂದಿನ ಸಣ್ಣಕ್ಷರ ಓದಿ.

ಪ್ರಶ್ನೆ: ಅತ್ತೆಯವರಿಗೆ 80 ವರ್ಷ, ತೂಕ 42 ಕೆ.ಜಿ. ಕ್ರಿಯಾಟಿನಿನ್ 1.0 ಬಂದಿದೆ, ಲ್ಯಾಬ್ ‘ನಾರ್ಮಲ್’ ಅಂದಿದೆ. ಆದರೂ ಹೊಸ ಡಾಕ್ಟರು ಕಿಡ್ನಿ ಶಕ್ತಿ ಕಡಿಮೆ ಎಂದು ಉರಿಪಾದಕ್ಕೆ ಕೊಡುತ್ತಿದ್ದ ಪ್ರೆಗಾಬಾಲಿನ್ ಅರ್ಧ ಮಾಡಿದರು. ಯಾರದು ಸರಿ? (ಮೈಸೂರು)

ಉತ್ತರ: ಡಾಕ್ಟರದ್ದು ಸರಿ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ, ಅದು ಹುಟ್ಟುವುದು ಸ್ನಾಯುವಿನಿಂದ. ವಯಸ್ಸಾಗಿ ಮೈ ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ. ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಅಂಕಿ ಏರುವುದಿಲ್ಲ. ಕಿಡ್ನಿ ಸೋಸುವ ವೇಗ ಅಂದಾಜಿಸಿ ಔಷಧದ ಪ್ರಮಾಣ ನಿರ್ಧರಿಸಲು ವೈದ್ಯರು ಬಹಳ ಕಾಲದಿಂದ ಬಳಸುವ ಕಾಕ್‌ಕ್ರಾಫ್ಟ್–ಗಾಲ್ಟ್ ಲೆಕ್ಕ ಹೀಗಿದೆ: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು.

ನಿಮ್ಮ ಅತ್ತೆಯವರದು: 140ರಲ್ಲಿ 80 ಕಳೆದರೆ 60. 60 ಗುಣಿಸು 42, ಅಂದರೆ 2520. ಅದನ್ನು 72ರಿಂದ ಭಾಗಿಸಿದರೆ 35. 0.85ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 30 ಮಿ.ಲೀ. ಅದೇ 1.0 ಕ್ರಿಯಾಟಿನಿನ್ ಇರುವ 30 ವರ್ಷದ, 70 ಕೆ.ಜಿ. ಗಂಡಸಿಗೆ ಇದೇ ಲೆಕ್ಕ 107 ಕೊಡುತ್ತದೆ. ಲ್ಯಾಬಿನ ಕಾಗದದಲ್ಲಿ ಇಬ್ಬರೂ ‘ನಾರ್ಮಲ್’.

ವರದಿಯಲ್ಲಿ ‘ಇಜಿಎಫ್‌ಆರ್’ ಎಂಬ, ಕಿಡ್ನಿ ಸೋಸುವ ವೇಗದ ಇನ್ನೊಂದು ಅಂದಾಜು ಅಂಕಿಯೂ ಇರುತ್ತದೆ. ಅದು ಸರಾಸರಿ ಮೈಕಟ್ಟಿಗೆ ಹೊಂದಿಸಿದ ಲೆಕ್ಕವಾದ್ದರಿಂದ ತೀರ ಸಣಕಲು ದೇಹದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಪ್ರೆಗಾಬಾಲಿನ್ ಹೊರಹೋಗುವುದು ಬಹುಪಾಲು ಮೂತ್ರದಲ್ಲಿಯೇ. ಕಿಡ್ನಿ ನಿಧಾನವಾದರೆ ಅದು ಮೈಯಲ್ಲಿ ಕೂಡಿಕೊಂಡು ತೂಕಡಿಕೆ, ವಾಲಾಟ, ಕಾಲು ಊತ ತರುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಆದರೆ ಇನ್ನೂ ಹುಷಾರು: ಊಟ ಸೇರದಿರುವುದು, ಓಕರಿಕೆ, ನಾಡಿ ನಿಧಾನ, ನೋಟ ಹಳದಿ ಆಗುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ವಿಷಯದಲ್ಲಿ ನೋಡುವುದು ಇಜಿಎಫ್‌ಆರ್ ಅಂಕಿಯನ್ನು: 30ಕ್ಕಿಂತ ಕೆಳಗೆ ಕೊಡುವುದಿಲ್ಲ, 30ರಿಂದ 45ರ ನಡುವೆ ಸಾಮಾನ್ಯವಾಗಿ ದಿನಕ್ಕೆ 1000 ಮಿ.ಗ್ರಾಂ. ದಾಟಿಸುವುದಿಲ್ಲ.

ಔಷಧ ಚೀಟಿಯ ಮೇಲೆ ವಯಸ್ಸಿನ ಪಕ್ಕದಲ್ಲಿ ತೂಕವನ್ನೂ ಬರೆಸಿಕೊಳ್ಳಿ. ನಮ್ಮಲ್ಲಿ ಮಕ್ಕಳ ಚೀಟಿಯಲ್ಲಿ ತೂಕ ಇರುತ್ತದೆ, ಅಜ್ಜಿಯ ಚೀಟಿಯಲ್ಲಿ ಇರುವುದಿಲ್ಲ.

ಪ್ರಶ್ನೆ: ನಮ್ಮ ತಂದೆಯವರು ರೈತರು, 71 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್–ಹೈಡ್ರೊಕ್ಲೋರೊಥಯಾಜೈಡ್ ಮಾತ್ರೆ ಇದೆ. ಮೊಣಕಾಲು ನೋವಿಗೆ ವಾರಕ್ಕೊಂದೆರಡು ಸಲ ಊರಲ್ಲಿ ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಮಾತ್ರೆ ಹೊಟ್ಟೆಗೆ ಕೆಟ್ಟದ್ದು, ಸೂಜಿ ಒಳ್ಳೆಯದು ಅನ್ನುತ್ತಾರೆ. (ಹಾವೇರಿ ಜಿಲ್ಲೆ)

ಉತ್ತರ: ಸೂಜಿಯಿಂದ ಹೊಟ್ಟೆ ಉಳಿಯುತ್ತದೆ ಅನ್ನುವುದು ತಪ್ಪು. ಡೈಕ್ಲೊಫೆನಾಕ್ ಹುಣ್ಣು ಮಾಡುವುದು ಹೊಟ್ಟೆಗೆ ತಾಗಿದ್ದರಿಂದಷ್ಟೇ ಅಲ್ಲ. ರಕ್ತಕ್ಕೆ ಸೇರಿ, ಜಠರದ ಒಳಪದರವನ್ನು ಕಾಯುವ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗದಂತೆ ಮಾಡುತ್ತದೆ. ಸೂಜಿಯಲ್ಲಿ ಹೋದರೂ ಅಷ್ಟೇ. ಹಿರಿಯರಲ್ಲಿ ಹೊಟ್ಟೆನೋವೇ ಇಲ್ಲದೆ ರಕ್ತಸ್ರಾವ ಆಗಬಹುದು. ಮಲ ಡಾಂಬರಿನಂತೆ ಕಪ್ಪಗಾದರೆ ಕಾಯಬೇಡಿ.

ಅದಕ್ಕಿಂತ ಹೆಚ್ಚಿನ ಚಿಂತೆ ಕಿಡ್ನಿಯದು. ಕಿಡ್ನಿಯ ಪ್ರತಿ ಸೋಸುಜಾಲಕ್ಕೂ ರಕ್ತ ಒಳಬರುವ ನಾಳ ಒಂದು, ಹೊರಹೋಗುವ ನಾಳ ಒಂದು. ಸೋಸಲು ಒತ್ತಡ ಬೇಕು. ನೋವಿನ ಔಷಧ ಒಳನಾಳವನ್ನು ಕಿರಿದಾಗಿಸುತ್ತದೆ. ಟೆಲ್ಮಿಸಾರ್ಟನ್ ಹೊರನಾಳವನ್ನು ಅಗಲ ಮಾಡುತ್ತದೆ. ಹೈಡ್ರೊಕ್ಲೋರೊಥಯಾಜೈಡ್ ಮೈಯ ನೀರನ್ನು ಹೊರಹಾಕುತ್ತದೆ. ಮೂರೂ ಸೇರಿದಾಗ ಒಳಗಿನ ಒತ್ತಡ ಕುಸಿದು ಸೋಸುವುದೇ ನಿಲ್ಲಬಹುದು. ಬೇಸಿಗೆಯಲ್ಲಿ ಹೊಲದಲ್ಲಿ ಬೆವರಿ ಬಂದ ದಿನ, ಅಥವಾ ವಾಂತಿಭೇದಿ ಇರುವ ದಿನ ಅಪಾಯ ಇಮ್ಮಡಿ. ಜೊತೆಗೆ ಡೈಕ್ಲೊಫೆನಾಕ್ ತಾನೇ ಬಿಪಿ ಏರಿಸುತ್ತದೆ. ಅದನ್ನು ನೋಡಿ ಬಿಪಿಗೆ ಇನ್ನೊಂದು ಮಾತ್ರೆ ಬರೆದವರೂ ಇದ್ದಾರೆ.

ಈ ವಾರವೇ ಕ್ರಿಯಾಟಿನಿನ್, ಪೊಟ್ಯಾಶಿಯಂ, ಹಿಮೊಗ್ಲೋಬಿನ್ ಮಾಡಿಸಿ. ನೋವಿಗೆ ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ. ದಿನಕ್ಕೆ ಮೂರು ಸಲ ಕೊಡಬಹುದು, 50 ಕೆ.ಜಿ.ಗಿಂತ ಕಡಿಮೆ ತೂಕದವರು, ಲಿವರ್ ತೊಂದರೆ ಇರುವವರು, ದಿನವೂ ಕುಡಿಯುವವರು ಇಡೀ ದಿನಕ್ಕೆ 2 ಗ್ರಾಂ ದಾಟದಿರಲಿ. ಮೊಣಕಾಲಿಗೆ ಡೈಕ್ಲೊಫೆನಾಕ್ ಜೆಲ್ ಹಚ್ಚುವುದು ಒಳ್ಳೆಯ ದಾರಿ, ರಕ್ತಕ್ಕೆ ಸೇರುವುದು ತೀರ ಸ್ವಲ್ಪ. ಆದರೆ ಒಮ್ಮೆ ತಿಕ್ಕಿ ಕೈಬಿಟ್ಟರೆ ಸಾಲದು, ದಿನಕ್ಕೆ ಮೂರ್ನಾಲ್ಕು ಸಲ, ಒಂದೆರಡು ವಾರ ಹಚ್ಚಿ ನೋಡಬೇಕು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ 5 ಸೆಕೆಂಡ್ ಹಿಡಿದು ಇಳಿಸುವುದು, ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಹೆಚ್ಚಿನವರು ನೋವಿನ ಕಡೆಯೇ ಹಿಡಿಯುತ್ತಾರೆ.

ಒಂದು ಜೋಡಿ ಎಡವಟ್ಟು: ಅಸಿಕ್ಲೊಫೆನಾಕ್ ಮಾತ್ರೆಗಳಲ್ಲಿ ಹಲವಕ್ಕೆ ಪ್ಯಾರಾಸಿಟಮಾಲ್ ಸೇರಿಸಿರುತ್ತಾರೆ, ನೆಗಡಿ ಮಾತ್ರೆಯಲ್ಲೂ ಅದು ಇರುತ್ತದೆ. ಮೇಲಿಂದ ಡೋಲೊ ನುಂಗಿದರೆ ಒಂದೇ ಔಷಧ ಮೂರು ಕಡೆಯಿಂದ ಹೋಯಿತು. ಇನ್ನು ಹೆಸರಿಲ್ಲದ ಪೊಟ್ಟಣದಲ್ಲಿ ಬರುವ, ‘ಎರಡೇ ದಿನದಲ್ಲಿ ಕೀಲುನೋವು ಮಾಯ’ ಎನ್ನುವ ಪುಡಿಗಳಲ್ಲಿ ಸ್ಟೀರಾಯ್ಡ್ ಕಲಬೆರಕೆ ಸಿಕ್ಕಿರುವುದುಂಟು. ಮುಖ ಊದಿ ಗುಂಡಗಾಗುವುದು, ಇದ್ದಕ್ಕಿದ್ದಂತೆ ಶುಗರ್ ಏರುವುದು ಅದರ ಸುಳಿವು. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಅದನ್ನೂ ಏಕಾಏಕಿ ಬಿಡುವುದು ಅಪಾಯ. ಪೊಟ್ಟಣದೊಂದಿಗೆ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಆರು ವರ್ಷದಿಂದ ಆಲ್‌ಪ್ರಜೋಲಾಮ್ 0.5 ಇಲ್ಲದೆ ನಿದ್ದೆ ಇಲ್ಲ. ವಯಸ್ಸು 74. ಎರಡು ದಿನ ಬಿಟ್ಟು ನೋಡಿದೆ, ಕಣ್ಣೇ ಮುಚ್ಚಲಿಲ್ಲ. ಜೀವನಪೂರ್ತಿ ಬೇಕೇನೋ? (ಬೆಂಗಳೂರು)

ಉತ್ತರ: ಆ ಎರಡು ರಾತ್ರಿ ನಿದ್ದೆ ಬಾರದ್ದು ಮಾತ್ರೆ ಬೇಕೆಂಬುದಕ್ಕೆ ಸಾಕ್ಷಿಯಲ್ಲ, ಮಾತ್ರೆಗೆ ಮೈ ಒಗ್ಗಿದ್ದಕ್ಕೆ ಸಾಕ್ಷಿ. ಒಮ್ಮೆಲೇ ಬಿಟ್ಟರೆ ಎದೆಬಡಿತ, ತಳಮಳ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಹಾಗೆ ಮಾತ್ರ ಮತ್ತೆ ಮಾಡಬೇಡಿ.

ಇಳಿಸುವ ಒಂದು ಕ್ರಮ: ಎರಡು ವಾರ 0.375 ಮಿ.ಗ್ರಾಂ. (0.25ರದು ಒಂದು ಮತ್ತು ಅದರದೇ ಅರ್ಧ), ಮುಂದಿನ ಎರಡು ವಾರ 0.25, ಆಮೇಲೆ ಎರಡು ವಾರ 0.25ರ ಅರ್ಧ, ಕೊನೆಗೆ ಎರಡು ವಾರ ಅದೇ ಅರ್ಧ ಮಾತ್ರೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಕಷ್ಟವಾದ ಮೆಟ್ಟಿಲಲ್ಲಿ ಇನ್ನೆರಡು ವಾರ ನಿಲ್ಲಿ, ಮತ್ತೆ ಮೇಲೆ ಹತ್ತಬೇಡಿ. ಆರು ವರ್ಷದ ಅಭ್ಯಾಸಕ್ಕೆ ನಾಲ್ಕೈದು ತಿಂಗಳು ಹಿಡಿದರೂ ತಪ್ಪಿಲ್ಲ. ಫಿಟ್ಸ್ ಇದ್ದವರು, ಮದ್ಯದ ಅಭ್ಯಾಸ ಇರುವವರು ವೈದ್ಯರ ನೇರ ನಿಗಾದಲ್ಲೇ ಮಾಡಬೇಕು.

ಇಷ್ಟು ಕಷ್ಟ ಏಕೆ ಅಂದರೆ, ಈ ಮಾತ್ರೆ ಹಿರಿಯರ ಮೈಯಿಂದ ಹೊರಹೋಗುವುದು ನಿಧಾನ. ರಾತ್ರಿ ಎರಡಕ್ಕೆ ಬಚ್ಚಲಿಗೆ ಎದ್ದಾಗ ಅದು ಇನ್ನೂ ಕೆಲಸ ಮಾಡುತ್ತಿರುತ್ತದೆ. ಸೊಂಟದ ಮೂಳೆ ಮುರಿಯುವ ಬೀಳುವಿಕೆಗಳು ಅಂಥ ಹೊತ್ತಿನಲ್ಲೇ ಆಗುತ್ತವೆ. ಇದರ ಬದಲು ಜೋಲ್ಪಿಡೆಮ್ ಎಂಬ ಇನ್ನೊಂದು ನಿದ್ದೆ ಮಾತ್ರೆ ಕೊಡಿಸಿಕೊಂಡರೆ ಬೀಳುವ ಭಯ ತಪ್ಪುವುದಿಲ್ಲ. ಅಂದಹಾಗೆ, ಈ ಎರಡೂ 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯವು: ಚೀಟಿ ಇಲ್ಲದೆ ಮಾರುವಂತಿಲ್ಲ, ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಳೇ ಸ್ಟ್ರಿಪ್ ತೋರಿಸಿದರೆ ಸಾಕು ಕೊಡುತ್ತಾರೆ ಅನ್ನುವುದು ಸೌಕರ್ಯವಲ್ಲ.

ನಿದ್ದೆಯ ಲೆಕ್ಕವನ್ನೂ ಒಮ್ಮೆ ಹಾಕಿ. ಟಿವಿ ಆರಿಸಿ ಎಂಟೂವರೆಗೆ ಮಲಗಿದವರಿಗೆ ಎರಡೂವರೆಗೆ ಎಚ್ಚರವಾದರೆ ಆರು ಗಂಟೆ ನಿದ್ದೆ ಆಗಿದೆ. ಅದಕ್ಕೆ ಮದ್ದು ಮಾತ್ರೆಯಲ್ಲ, ಹತ್ತೂವರೆಗೆ ಮಲಗುವುದು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಲಿ, ಸಂಜೆಯ ಕಾಫಿ ಬಿಡಿ, ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಬೆಳಿಗ್ಗೆಗೆ ಹಾಕಿಸಿಕೊಳ್ಳಿ.

ಪ್ರಶ್ನೆ: ಅಜ್ಜನಿಗೆ ನುಂಗಲು ಆಗದು. ಎಲ್ಲ ಮಾತ್ರೆ ಕುಟ್ಟಿ ರಾಗಿ ಗಂಜಿಯಲ್ಲಿ ಕಲಸಿ ಕೊಡುತ್ತೇವೆ. ಸರಿಯೇ? (ತುಮಕೂರು)

ಉತ್ತರ: ಎಲ್ಲವನ್ನೂ ಅಲ್ಲ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್, ಎಕ್ಸ್‌ಎಲ್ ಎಂದಿದ್ದರೆ ಅದು ಹನ್ನೆರಡು ಇಪ್ಪತ್ತನಾಲ್ಕು ಗಂಟೆ ನಿಧಾನವಾಗಿ ಬಿಡುಗಡೆಯಾಗಲು ಮಾಡಿದ್ದು. ಕುಟ್ಟಿದರೆ ಇಡೀ ದಿನದ್ದು ಒಂದೇ ಏಟಿಗೆ ಹೋಗುತ್ತದೆ, ಬಿಪಿ ಕುಸಿಯಬಹುದು. ಪ್ಯಾಂಟೊಪ್ರಜೋಲ್‌ಗೆ ಹೊಟ್ಟೆಯ ಆಮ್ಲ ತಾಗದಂತೆ ಮೇಲ್ಪದರ ಇರುತ್ತದೆ. ಕುಟ್ಟಿದರೆ ಅದು ಹೊಟ್ಟೆಯಲ್ಲೇ ಹಾಳಾಗಿ ಕೊಟ್ಟೂ ಕೊಡದಂತೆ. ಫಾರ್ಮಸಿಸ್ಟ್ ಬಳಿ ಪಟ್ಟಿ ಒಯ್ದು ಸಿರಪ್ ಅಥವಾ ನೀರಿನಲ್ಲಿ ಕರಗುವ ಮಾತ್ರೆ ಯಾವುದಕ್ಕೆ ಇದೆ ಎಂದು ಕೇಳಿ.

ನುಂಗುವಾಗ ನೆಟ್ಟಗೆ ಕೂರಿಸಿ, ತಲೆಯನ್ನು ಹಿಂದಕ್ಕೆ ಎತ್ತಿಸಬೇಡಿ. ಕ್ಯಾಪ್ಸೂಲ್ ತೇಲುತ್ತದೆ, ಆದ್ದರಿಂದ ಗದ್ದ ತುಸು ಕೆಳಗಿಟ್ಟು ನುಂಗಿದರೆ ಸುಲಭ. ನೀರು ಕುಡಿದರೂ ಕೆಮ್ಮು ಬರುತ್ತಿದ್ದರೆ ತೊಂದರೆ ಮಾತ್ರೆಯದಲ್ಲ, ಗಂಟಲಿನದು; ಅದನ್ನು ತೋರಿಸಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ಕಾಫಿ ಜೊತೆ ತೆಗೆದುಕೊಳ್ಳಬಹುದೇ? (ಚಿಕ್ಕಮಗಳೂರು)

ಉತ್ತರ: ಬೇಡ. ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಶಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಬೆಳಗಿನ ಕಾಫಿ ತಡವಾದರೆ ಆಗುವುದೇ ಇಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು, ಆದರೆ ದಿನವೂ ಅದೇ ಹೊತ್ತಿಗೆ.

ಪ್ರಶ್ನೆ: ತಂದೆಗೆ 82. ಗ್ಲಿಮೆಪಿರೈಡ್–ಮೆಟ್‌ಫಾರ್ಮಿನ್–ವೋಗ್ಲಿಬೋಸ್ ಮಾತ್ರೆ ಎರಡು ಹೊತ್ತು, ಜೊತೆಗೆ ಮೆಟೊಪ್ರೊಲಾಲ್. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಅಂಕಿ) 6.1, ಡಾಕ್ಟರು ಭೇಷ್ ಅಂದರು. ಆದರೆ ಏಕಾದಶಿ ಮರುದಿನ ಬೆಳಗಿನ ಜಾವ ಮಂಕಾಗಿ ಏನೇನೋ ಮಾತಾಡಿದರು. (ಉಡುಪಿ)

ಉತ್ತರ: ಈ ಮಾತ್ರೆ ನುಂಗುವ 82 ವರ್ಷದವರಲ್ಲಿ 6.1 ಭೇಷ್ ಅಲ್ಲ, ಎಚ್ಚರಿಕೆಯ ಗಂಟೆ. ಬೇರೆ ಕಾಯಿಲೆಗಳೂ ಇರುವ ಹಿರಿಯರಿಗೆ 8ರ ಆಸುಪಾಸಿನ ಗುರಿ ಸಾಕು. ಗ್ಲಿಮೆಪಿರೈಡ್ ಊಟ ಮಾಡಿದ್ದೀರೋ ಇಲ್ಲವೋ ಎಂದು ನೋಡದೆ ಇನ್ಸುಲಿನ್ ಹೊರಡಿಸುತ್ತದೆ. ಏಕಾದಶಿ, ಶಿವರಾತ್ರಿ, ಜ್ವರ ಬಂದು ಗಂಜಿಯಲ್ಲೇ ಕಳೆದ ದಿನಗಳಲ್ಲಿ ಶುಗರ್ ಕುಸಿಯುವುದು ಅದಕ್ಕೇ. ಇದೇ ಕುಟುಂಬದ ಹಳೆಯ ಮಾತ್ರೆ ಗ್ಲಿಬೆನ್‌ಕ್ಲಮೈಡ್ ಇನ್ನೂ ಅಪಾಯಕಾರಿ, ಹಿರಿಯರಿಗೆ ಅದು ಬೇಡವೇ ಬೇಡ. ಎದೆಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಇರುವುದರಿಂದ ನಡುಕ, ಎದೆಬಡಿತ ಕಾಣಿಸದೆ ಹೋಗಬಹುದು. ಬೆವರು, ಮಂಕು, ತೊದಲುವಿಕೆ ಮಾತ್ರ ಉಳಿಯುತ್ತದೆ. ಮನೆಯವರು ಲಕ್ವವೆಂದು ಹೆದರುತ್ತಾರೆ. ಗೊಂದಲ ಕಂಡ ಕೂಡಲೇ ಬೆರಳು ಚುಚ್ಚಿ ನೋಡಿ.

70ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ ಎನ್ನುತ್ತೇವೆ. ನಿಮ್ಮ ತಂದೆಗೆ ಅದು ಬೇಗ ಕೆಲಸ ಮಾಡದು. ವೋಗ್ಲಿಬೋಸ್ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ನಿಧಾನಿಸುತ್ತದೆ. ಅವರಿಗೆ ಬೇಕಾದ್ದು ಒಡೆಯುವ ಅಗತ್ಯವಿಲ್ಲದ ಗ್ಲೂಕೋಸ್ ಪುಡಿ, 15 ಗ್ರಾಂ. ಒಂದು ಡಬ್ಬ ಹಾಸಿಗೆಯ ಬಳಿಯೇ ಇಡಿ. 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಗ್ಲೂಕೋಸ್ ಏರಿಸಿ ಸರಿಹೋದರೆಂದು ಅರ್ಧ ಗಂಟೆಯಲ್ಲೇ ಮನೆಗೆ ಕರೆತರಬೇಡಿ. ಮಾತ್ರೆಯ ಪ್ರಭಾವ ಉಳಿದಿದ್ದು ಮತ್ತೆ ಕುಸಿಯುತ್ತದೆ, ಕನಿಷ್ಠ ಒಂದು ದಿನ ನಿಗಾ ಬೇಕು. ಸಿಪ್ರೊಫ್ಲಾಕ್ಸಸಿನ್, ಕೋಟ್ರೈಮಾಕ್ಸಜೋಲ್‌ನಂಥ ಆ್ಯಂಟಿಬಯಾಟಿಕ್ ಬರೆದಾಗಲೂ ಈ ಶುಗರ್ ಮಾತ್ರೆಯ ಹೆಸರು ಹೇಳಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಅಪ್ಪ ಅಮ್ಮ ಮಂಗಳೂರಿನಲ್ಲಿ ಇಬ್ಬರೇ. ಮೂವರು ಸ್ಪೆಷಲಿಸ್ಟ್‌ಗಳ ಚೀಟಿ. ಬಂದಾಗ ಏನು ಸರಿಪಡಿಸಿ ಹೋಗಲಿ? (ನ್ಯೂಜೆರ್ಸಿ)

ಉತ್ತರ: ಮೊದಲು ನೀವು ಒಯ್ಯುವ ಸೂಟ್‌ಕೇಸ್ ನೋಡಿ. ಅಲ್ಲಿಂದ ಬರುವ ದೊಡ್ಡ ಬಾಟಲಿಗಳಲ್ಲಿ ಟೈಲೆನಾಲ್ ಅಂದರೆ ಅಸಿಟಮಿನೊಫೆನ್, ಅದು ಇಲ್ಲಿಯ ಪ್ಯಾರಾಸಿಟಮಾಲ್ಲೇ. ಅಲೀವ್ ಅಂದರೆ ನ್ಯಾಪ್ರಾಕ್ಸೆನ್, ಮೇಲೆ ಹಾವೇರಿಯವರಿಗೆ ಹೇಳಿದ ಕಿಡ್ನಿ ಮಾತು ಅದಕ್ಕೂ ಅನ್ವಯ. ಹೆಸರಿನಲ್ಲಿ ‘ಪಿಎಂ’ ಎಂದಿರುವ ಟೈಲೆನಾಲ್, ಆ್ಯಡ್ವಿಲ್‌ಗಳಲ್ಲಿ ಡೈಫೆನ್‌ಹೈಡ್ರಮಿನ್ ಇರುತ್ತದೆ. ಹಿರಿಯರಲ್ಲಿ ಗೊಂದಲ ಎಬ್ಬಿಸಿ, ಪ್ರೋಸ್ಟೇಟ್ ದೊಡ್ಡದಾದವರಲ್ಲಿ ಮೂತ್ರ ಕಟ್ಟಿಸುತ್ತದೆ. ಅದನ್ನು ಒಯ್ಯಬೇಡಿ. ಇಲ್ಲಿಯ ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮಿನ್ ಕೂಡ ಇದೇ ಜಾತಿ.

ಬಂದ ಮೇಲೆ ಮೂವರ ಚೀಟಿ ಬೇಡ, ಮನೆಯಲ್ಲಿರುವ ಮಾತ್ರೆಗಳೇ ಬೇಕು. ಫ್ರಿಜ್ಜಿನ ಮೇಲಿನದು, ದೇವರ ಕೋಣೆಯದು, ಅಮ್ಮನ ಪರ್ಸಿನದು, ಚೂರ್ಣ, ಕಷಾಯ, ಮುಲಾಮು, ಕಣ್ಣಿನ ಹನಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ. ಒಬ್ಬೊಬ್ಬರಿಗೂ ಬೇರೆ ಚೀಲ. ಪ್ರತಿಯೊಂದರ ಒಳಗಿನ ಔಷಧದ ಹೆಸರು, ಮಿ.ಗ್ರಾಂ., ಹೊತ್ತು, ಯಾರು ಯಾವಾಗ ಏತಕ್ಕೆ ಕೊಟ್ಟರು ಎಂದು ಬರೆಯಿರಿ. ‘ಏತಕ್ಕೆ’ ಎಂಬಲ್ಲಿ ಉತ್ತರ ಸಿಗದ ಮಾತ್ರೆಗಳೇ ಮೊದಲು ಪ್ರಶ್ನಿಸಬೇಕಾದವು. ಬ್ರ್ಯಾಂಡ್ ಹೆಸರು ಬೇರೆಯಾಗಿ ಒಳಗೆ ಒಂದೇ ಔಷಧ ಇರುವುದು ಸಾಮಾನ್ಯ: ಹೃದಯದವರು ಬರೆದ ಟೆಲ್ಮಾ, ಜನೌಷಧಿಯಿಂದ ತಂದ ಟೆಲ್ಮಿಸಾರ್ಟನ್, ಎರಡನ್ನೂ ನುಂಗುತ್ತಿರುತ್ತಾರೆ.

ಪಟ್ಟಿಯಲ್ಲಿ ಹುಡುಕಬೇಕಾದ ಇನ್ನೊಂದು ಸರಪಳಿ ಬಿಪಿ ಮಾತ್ರೆ ಆ್ಯಮ್ಲೊಡಿಪಿನ್‌ನದು. ಅದರಿಂದ ಪಾದ ಊದುತ್ತದೆ; ಊತಕ್ಕೆ ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಬರುತ್ತದೆ; ಅದರಿಂದ ಊತ ಸರಿಯಾಗಿ ಇಳಿಯದು, ಪೊಟ್ಯಾಶಿಯಂ ಮಾತ್ರ ಇಳಿಯುತ್ತದೆ. ಆ್ಯಮ್ಲೊಡಿಪಿನ್ ಪ್ರಮಾಣ ಇಳಿಸಿ ನೋಡುವುದು ಮೊದಲ ಹೆಜ್ಜೆಯಾಗಬೇಕಿತ್ತು. ‘ಲೋ ಸೋಡಿಯಂ’ ಉಪ್ಪು ಅಡುಗೆಮನೆಯಲ್ಲಿದ್ದರೆ ಅದನ್ನೂ ಬರೆಯಿರಿ: ಅದರಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ, ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತ ಕೆಡಬಹುದು.

ಆ ಪಟ್ಟಿಯೊಂದಿಗೆ ಒಬ್ಬ ವೈದ್ಯರ ಬಳಿ, ಫ್ಯಾಮಿಲಿ ಡಾಕ್ಟರ್ ಆದರೆ ಉತ್ತಮ, ಅರ್ಧ ಗಂಟೆ ಕೇಳಿ ಹೋಗಿ. ಒಂದು ಸಲಕ್ಕೆ ಒಂದೇ ಮಾತ್ರೆ ಬದಲಿಸುವುದು ಜಾಣತನ. ನಾಲ್ಕು ಒಟ್ಟಿಗೆ ಬದಲಿಸಿದರೆ ಒಳ್ಳೆಯದಾದದ್ದು, ಕೆಟ್ಟದ್ದಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮೆಟೊಪ್ರೊಲಾಲ್, ಕ್ಲೊನಿಡಿನ್, ಸ್ಟೀರಾಯ್ಡ್, ಫಿಟ್ಸ್ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸುವಂತಿಲ್ಲ. ನೀವು ವಿಮಾನ ಹತ್ತುವ ಹಿಂದಿನ ದಿನ ಬದಲಾವಣೆ ಮಾಡಿಸಬೇಡಿ, ಬಂದ ಮೊದಲ ವಾರವೇ ಮಾಡಿಸಿ.

ಪ್ರಶ್ನೆ: ಹಿರಿಯರಿಗೆ ಕೊಡಬಾರದ ಔಷಧಗಳ ಅಧಿಕೃತ ಪಟ್ಟಿ ಇದೆಯೇ? (ಧಾರವಾಡ)

ಉತ್ತರ: ಇದೆ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಮಾಡಿದ ಪಟ್ಟಿಯನ್ನು ಅಲ್ಲಿಯ ಹಿರಿಯರ ಚಿಕಿತ್ಸಾ ಸಂಘ ಪರಿಷ್ಕರಿಸುತ್ತ ಬಂದಿದೆ, 2023ರದೂ ಬಂದಿದೆ. ಐರ್ಲೆಂಡಿನ ಕಾರ್ಕ್‌ನಿಂದ 2008ರಲ್ಲಿ ಹೊರಟ ‘ಸ್ಟಾಪ್–ಸ್ಟಾರ್ಟ್’ ಪಟ್ಟಿ ನಮಗೆ ಹೆಚ್ಚು ಮೆಚ್ಚುಗೆ. ಅದು ನಿಲ್ಲಿಸಬೇಕಾದ್ದನ್ನಷ್ಟೇ ಅಲ್ಲ, ಕೊಡಬೇಕಾಗಿದ್ದೂ ಕೊಡದೆ ಬಿಟ್ಟ ಔಷಧವನ್ನೂ ಹೇಳುತ್ತದೆ. ಆದರೆ ಪರದೇಶದ ಪಟ್ಟಿಯನ್ನು ಹಾಗೇ ನಂಬುವಂತಿಲ್ಲ: ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲದ ಸಿನ್ನರಿಜಿನ್, ಲೆವೊಸಲ್ಪಿರೈಡ್ ಬಿಯರ್ಸ್ ಪಟ್ಟಿಯಲ್ಲಿ ಸಿಗುವುದಿಲ್ಲ. ಅಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ.

ಪ್ರಶ್ನೆ: ಹೃದಯಕ್ಕೆ ಒಳ್ಳೆಯದೆಂದು ದಿನಾ ಎಕೋಸ್ಪ್ರಿನ್ (ಆಸ್ಪಿರಿನ್) 75 ತೆಗೆದುಕೊಳ್ಳುತ್ತೇನೆ. ಹೃದಯದ ಕಾಯಿಲೆ ಏನೂ ಇಲ್ಲ. ವಯಸ್ಸು 73. (ಶಿವಮೊಗ್ಗ)

ಉತ್ತರ: ಹೃದಯಾಘಾತ, ಸ್ಟೆಂಟ್, ಬೈಪಾಸ್, ಲಕ್ವ ಯಾವುದೂ ಆಗದವರಿಗೆ ಈ ವಯಸ್ಸಿನಲ್ಲಿ ಅದರಿಂದ ಲಾಭಕ್ಕಿಂತ ರಕ್ತಸ್ರಾವದ ಭಯ ಹೆಚ್ಚು. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಆಸ್ಪ್ರೀ’ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ನಿಮ್ಮ ವೈದ್ಯರನ್ನು ಕೇಳಿ ಬಿಡಬಹುದು. ಸ್ಟೆಂಟ್ ಹಾಕಿಸಿಕೊಂಡ ನೆರೆಯವರು ಇದನ್ನೋದಿ ತಮ್ಮದನ್ನು ಬಿಟ್ಟರೆ ಮಾತ್ರ ಅನಾಹುತ. ಅವರಿಗೆ ಅದು ಬೇಕೇ ಬೇಕು.

ಪ್ರಶ್ನೆ: ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ‘ವಾರಕ್ಕೊಮ್ಮೆ’ ಬರೆದಿದ್ದಾರೆ. ಅಜ್ಜಿ ದಿನಾ ತೆಗೆದುಕೊಂಡರೆ ಬೇಗ ಗುಣವಾಗುತ್ತದೆಯೇ? (ಕಲಬುರಗಿ)

ಉತ್ತರ: ಇಲ್ಲ, ಜೀವಕ್ಕೇ ಕುತ್ತು. ದಿನವೂ ತೆಗೆದುಕೊಂಡರೆ ಅಸ್ಥಿಮಜ್ಜೆ ರಕ್ತಕಣ ಮಾಡುವುದನ್ನು ನಿಲ್ಲಿಸುತ್ತದೆ; ಬಾಯಿಹುಣ್ಣು, ಜ್ವರ ಮೊದಲ ಸುಳಿವು. ಚೀಟಿಯಲ್ಲಿ ವಾರದ ಹೆಸರನ್ನೇ ಬರೆಸಿ, ‘ಪ್ರತಿ ಗುರುವಾರ’ ಎಂಬಂತೆ. ಫೋಲಿಕ್ ಆಸಿಡ್ ಬೇರೆ ದಿನ. ಎರಡೂ ಹಳದಿ ಮಾತ್ರೆಗಳಾಗಿ ಅದಲುಬದಲಾಗುವುದುಂಟು, ಆದ್ದರಿಂದ ಬೇರೆ ಬೇರೆ ಡಬ್ಬಿಯಲ್ಲಿಡಿ. ಒಂದು ತಿಂಗಳದಷ್ಟೇ ತನ್ನಿ, ಅಂದರೆ ನಾಲ್ಕು ವಾರದ್ದು, ಮತ್ತು ಅಜ್ಜಿಯ ಕೈಗೆ ಸ್ಟ್ರಿಪ್ ಕೊಡದೆ ಆ ದಿನದ್ದನ್ನು ಮಾತ್ರ ಕೊಡಿ. ಈಗಾಗಲೇ ಕೆಲವು ದಿನ ಸತತವಾಗಿ ತೆಗೆದುಕೊಂಡಿದ್ದರೆ ಲಕ್ಷಣಕ್ಕಾಗಿ ಕಾಯದೆ ಇವತ್ತೇ ಆಸ್ಪತ್ರೆಗೆ ಹೋಗಿ, ಖಾಲಿ ಸ್ಟ್ರಿಪ್ ಜೊತೆಯಲ್ಲಿರಲಿ.